ಬಾಗಿಲು ಮುರಿಯದ ಕಳ್ಳ

ರಾತ್ರಿ ಎರಡು ಗಂಟೆ. ರಸ್ತೆ ಬದಿಯಲ್ಲಿ ಸಾಲಾಗಿ ಕಾರುಗಳು ನಿಂತಿವೆ. ಒಬ್ಬ ಹುಡುಗ ಜೇಬಿನಲ್ಲಿ ಕೈ ಇಟ್ಟುಕೊಂಡು ನಡೆದು ಬರುತ್ತಾನೆ. ಕಾರಿನ ಹತ್ತಿರ ಬಂದಾಗ ಒಂದು ಕೈ ಹೊರಗೆ ಬರುತ್ತದೆ, ಬಾಗಿಲ ಹಿಡಿಯನ್ನು ಮೆಲ್ಲಗೆ ಎಳೆಯುತ್ತದೆ. ಬರಲಿಲ್ಲವಾ, ಮುಂದಿನ ಕಾರು. ಅದೂ ಬರಲಿಲ್ಲವಾ, ಅದರ ಮುಂದಿನದು. ಕಲ್ಲಿಲ್ಲ, ಕಂಬಿಯಿಲ್ಲ, ಸ್ಕ್ರೂಡ್ರೈವರ್ ಕೂಡ ಇಲ್ಲ. ಒಂದು ಕಾರಿಗೆ ಎರಡೇ ಸೆಕೆಂಡು. ಬಾಗಿಲು ತೆರೆದುಕೊಂಡ ಕಾರಿನೊಳಗೆ ಮಾತ್ರ ಅವನು ಅರ್ಧ ನಿಮಿಷ ಕೂರುತ್ತಾನೆ. ಸಿಸಿಟಿವಿಯಲ್ಲಿ ಸಿಕ್ಕ ಇಂಥ ದೃಶ್ಯಗಳು ಯಾವ ದೇಶದವಾದರೂ ಹೆಚ್ಚುಕಡಿಮೆ ಹೀಗೇ ಇರುತ್ತವೆ.

ಕೆಲವರು ಹಿಡಿ ಎಳೆಯುವ ಗೋಜಿಗೂ ಹೋಗುವುದಿಲ್ಲ. ಇತ್ತೀಚಿನ ಎಷ್ಟೋ ಕಾರುಗಳಲ್ಲಿ ಲಾಕ್ ಮಾಡಿದ ಕೂಡಲೇ ಪಕ್ಕದ ಕನ್ನಡಿಗಳು ತಾವಾಗಿಯೇ ಮಡಚಿಕೊಳ್ಳುತ್ತವೆ. ಅಂಥ ಕಾರು ಕನ್ನಡಿ ಚಾಚಿಕೊಂಡು ನಿಂತಿದೆ ಅಂದರೆ ಮಾಲೀಕ ಲಾಕ್ ಮಾಡುವುದನ್ನು ಮರೆತಿದ್ದಾನೆ ಅಂತ ದೂರದಿಂದಲೇ ಗೊತ್ತಾಗಿಬಿಡುತ್ತದೆ. ಅನುಕೂಲಕ್ಕೆ ಅಂತ ಕೊಟ್ಟದ್ದು ಕಳ್ಳನಿಗೂ ಅನುಕೂಲವಾಯಿತು.

ಕಳ್ಳತನ ಅಂದಾಗ ನಮ್ಮ ಕಣ್ಣ ಮುಂದೆ ಬರುವುದು ಬೀಗ ಒಡೆಯುವವನು, ಕಿಟಕಿ ಸರಳು ಬಗ್ಗಿಸುವವನು, ಹೆಂಚು ತೆಗೆದು ಇಳಿಯುವವನು. ಅವರೂ ಇದ್ದಾರೆ. ಆದರೆ ಏನನ್ನೂ ಮುರಿಯದೆ ಒಳಗೆ ಬಂದು ಹೋಗುವವರ ಸಂಖ್ಯೆ ನಾವಂದುಕೊಂಡದ್ದಕ್ಕಿಂತ ಜಾಸ್ತಿ. ಅಮೆರಿಕದ ಎಫ್‌ಬಿಐ ಪ್ರತಿ ವರ್ಷ ಕನ್ನಗಳವುಗಳನ್ನು ಎರಡು ಗುಂಪು ಮಾಡಿ ಎಣಿಸುತ್ತಿತ್ತು: ಬಲವಂತವಾಗಿ ಒಳನುಗ್ಗಿದ್ದು, ಬಲ ಬಳಸದೆ ಒಳಹೊಕ್ಕಿದ್ದು. 2019ರ ಲೆಕ್ಕದಲ್ಲಿ ಮೊದಲನೆಯದು ಶೇ. 55.7, ಎರಡನೆಯದು ಶೇ. 37.8. ಉಳಿದದ್ದು ಒಡೆಯಲು ನೋಡಿ ಆಗದೆ ಬಿಟ್ಟು ಹೋದದ್ದು. ಅಂದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಯಾರೂ ಏನನ್ನೂ ಒಡೆದಿಲ್ಲ. ಬಲ ಬಳಸದ್ದು ಅಂದರೆ ಎಲ್ಲವೂ ತೆರೆದ ಬಾಗಿಲೇ ಆಗಬೇಕಿಲ್ಲ, ಕದ್ದ ಕೀಲಿಯೂ ಇರಬಹುದು. ಆದರೂ ಚಿಲಕ ಹಾಕದ ಬಾಗಿಲು, ಅರ್ಧ ತೆರೆದ ಕಿಟಕಿ, ಎಳೆದರೆ ಸರಿಯುವ ಗಾಜಿನ ಬಾಗಿಲು, ಇವುಗಳದ್ದೇ ಇಲ್ಲಿ ದೊಡ್ಡ ಪಾಲು.

ಹಾಗಾದರೆ ಒಂದು ಬೀಗ ನಿಜಕ್ಕೂ ಮಾಡುವ ಕೆಲಸ ಏನು? ಗಟ್ಟಿ ಮನಸ್ಸು ಮಾಡಿ ಬಂದವನನ್ನು ಸಾಮಾನ್ಯ ಬೀಗ ತಡೆಯುವುದಿಲ್ಲ, ಅದು ಎಲ್ಲರಿಗೂ ಗೊತ್ತು. "ಕದಿಯೋನು ಹೇಗಿದ್ರೂ ಕದೀತಾನೆ, ಬೀಗ ಹಾಕಿ ಏನು ಪ್ರಯೋಜನ" ಅನ್ನುವ ಮಾತು ಹುಟ್ಟುವುದೂ ಇಲ್ಲಿಂದಲೇ. ಈ ಮಾತು ಕೇಳಲು ಬುದ್ಧಿವಂತಿಕೆಯಂತಿದೆ. ಅಪರಾಧಶಾಸ್ತ್ರದಲ್ಲಿ ಸುಮಾರು ಐವತ್ತು ವರ್ಷ ನಡೆದ ಕೆಲಸ ನೋಡಿದರೆ ಇದು ಪೂರ್ತಿ ತಪ್ಪು.

ಕಳ್ಳನಿಗಿಂತ ಸಂದರ್ಭ ಮುಖ್ಯ

1979ರಲ್ಲಿ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಒಂದು ಸರಳ ಪ್ರಶ್ನೆ ಕೇಳಿದರು. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಬಡತನ ಕಡಿಮೆಯಾಯಿತು, ಓದಿದವರು ಹೆಚ್ಚಿದರು. ಹೀಗಿದ್ದೂ ಕಳ್ಳತನ ಯಾಕೆ ಏರುತ್ತಲೇ ಹೋಯಿತು? ಅವರು ಕೊಟ್ಟ ಉತ್ತರ ಜನರ ದಿನಚರಿಯಲ್ಲಿತ್ತು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳು ಹೆಚ್ಚಿದವು, ಹಗಲು ಹೊತ್ತು ಮನೆ ಖಾಲಿ. ಅದೇ ಕಾಲಕ್ಕೆ ಟಿವಿಯಂಥ ಬೆಲೆಬಾಳುವ ಸಾಮಾನುಗಳು ಹಗುರವಾಗುತ್ತಾ ಬಂದವು, ಒಬ್ಬನೇ ಎತ್ತಿಕೊಂಡು ಹೋಗಬಹುದು. ಅಪರಾಧ ನಡೆಯಬೇಕಾದರೆ ಮೂರು ಒಂದೇ ಹೊತ್ತಿಗೆ ಒಂದೇ ಕಡೆ ಸೇರಬೇಕು ಅಂದರು ಅವರು: ಕದಿಯುವ ಮನಸ್ಸಿರುವವನು, ಕದಿಯಲು ಯೋಗ್ಯವಾದ ವಸ್ತು, ಕಾಯುವವರು ಇಲ್ಲದಿರುವುದು. ಇವುಗಳಲ್ಲಿ ಒಂದು ತಪ್ಪಿದರೂ ಅಪರಾಧ ಅಲ್ಲಿಗೆ ನಿಲ್ಲುತ್ತದೆ.

ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಉಳಿದ ಎರಡು ಸಾಕಷ್ಟು ಮಟ್ಟಿಗೆ ನಮ್ಮ ಕೈಯಲ್ಲಿವೆ. ಬ್ರಿಟನ್ನಿನ ರೊನಾಲ್ಡ್ ಕ್ಲಾರ್ಕ್ ಈ ದಾರಿಯಲ್ಲೇ ಮುಂದೆ ಹೋದರು. ಕಳ್ಳನ ಬಾಲ್ಯ, ಸ್ವಭಾವ ಎಲ್ಲ ಕೆದಕುವುದು ಇರಲಿ, ಮೊದಲು ಅವನು ನಿಂತ ಜಾಗದಲ್ಲಿ ನಿಂತು ನೋಡಿ ಅಂದರು. ಸಿಗುವುದೆಷ್ಟು, ಕಷ್ಟವೆಷ್ಟು, ಸಿಕ್ಕಿಬೀಳುವ ಭಯ ಎಷ್ಟು ಅಂತ ಕಳ್ಳನೂ ಒಂದು ಅಂದಾಜು ಹಾಕುತ್ತಾನೆ. ಆ ಅಂದಾಜು ಪಕ್ಕಾ ಇರುವುದಿಲ್ಲ, ಎಷ್ಟೋ ಸಲ ಅವಸರದ್ದು, ಕುಡಿದ ಅಮಲಿನದ್ದು. ಆದರೂ ಅಂದಾಜೇ.

ಇದಕ್ಕೆ ಅತ್ಯುತ್ತಮ ಉದಾಹರಣೆ ಬೀಗಕ್ಕೆ ಸಂಬಂಧವೇ ಇಲ್ಲದ ಒಂದು ಕಾನೂನು. ಪಶ್ಚಿಮ ಜರ್ಮನಿಯಲ್ಲಿ 1980ರಲ್ಲಿ ಹೆಲ್ಮೆಟ್ ಹಾಕದ ಬೈಕ್ ಸವಾರರಿಗೆ ಸ್ಥಳದಲ್ಲೇ ದಂಡ ಹಾಕಲು ಶುರುಮಾಡಿದರು. ಉದ್ದೇಶ ತಲೆ ಉಳಿಸುವುದು. ಆದರೆ ಬೈಕ್ ಕಳ್ಳತನ ಧಡ್ ಅಂತ ಬಿತ್ತು. ಆ ವರ್ಷ ಸುಮಾರು ಒಂದೂವರೆ ಲಕ್ಷವಿದ್ದ ಕಳವು 1986ರ ಹೊತ್ತಿಗೆ ಸುಮಾರು 54 ಸಾವಿರಕ್ಕೆ ಇಳಿಯಿತು. ಕಾರಣ ತೀರಾ ಸಣ್ಣದು. ರಸ್ತೆ ಬದಿಯಲ್ಲಿ ಕೀಲಿ ಬಿಟ್ಟ ಬೈಕ್ ಕಂಡು ತಟ್ಟನೆ ಆಸೆಯಾದವನ ಕೈಯಲ್ಲಿ ಹೆಲ್ಮೆಟ್ ಇರುವುದಿಲ್ಲ. ಹೆಲ್ಮೆಟ್ ಇಲ್ಲದೆ ಹೊರಟರೆ ಮೊದಲ ತಿರುವಿನಲ್ಲೇ ಪೊಲೀಸರು ನಿಲ್ಲಿಸುತ್ತಾರೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. "ಕದಿಯೋನು ಹೇಗಿದ್ರೂ ಕದೀತಾನೆ" ಅನ್ನುವುದು ನಿಜವಾಗಿದ್ದರೆ ಆ ಕಳ್ಳರೆಲ್ಲ ಮನೆಯಿಂದ ಹೆಲ್ಮೆಟ್ ಹಿಡಿದುಕೊಂಡೇ ಹೊರಡಬೇಕಿತ್ತು. ಇಲ್ಲವೇ ಬೈಕ್ ಬಿಟ್ಟು ಕಾರಿಗೆ ಕೈ ಹಾಕಬೇಕಿತ್ತು. ಎರಡೂ ಆಗಲಿಲ್ಲ. ಕಾರು ಕಳವು ತುಸು ಏರಿತಾದರೂ ಬೈಕುಗಳಲ್ಲಿ ಆದ ಇಳಿಕೆಯ ಮುಂದೆ ಅದು ಏನೇನೂ ಅಲ್ಲ. ಬಹುಪಾಲು ಕಳವುಗಳು ಸುಮ್ನೆ ನಡೆದೇ ಇಲ್ಲ. ಆ ಜನರಲ್ಲಿ ಹೆಚ್ಚಿನವರು ಬೆಳಿಗ್ಗೆ ಎದ್ದು "ಇವತ್ತು ಬೈಕ್ ಕದಿಯಬೇಕು" ಅಂದುಕೊಂಡವರಲ್ಲ. ಸುಲಭವಾಗಿ ಸಿಕ್ಕಿತು, ತೆಗೆದುಕೊಂಡು ಹೋದರು, ಅಷ್ಟೇ.

ಬೀಗ ಇರುವುದು ಇಂಥವರಿಗೆ.

ಬೀಗ ಕಿತ್ತುಕೊಳ್ಳುವುದು ಏನನ್ನು

ಮುಚ್ಚಿದ ಬೀಗದ ಮುಂದೆ ನಿಂತವನು ಮೂರನ್ನು ಕಳೆದುಕೊಳ್ಳುತ್ತಾನೆ. ಸಮಯ ಒಂದು, ಅದು ಎಲ್ಲರಿಗೂ ಹೊಳೆಯುತ್ತದೆ. ಎರಡನೆಯದು ಸದ್ದಿಲ್ಲದಿರುವುದು. ಗಾಜು ಒಡೆದರೆ ಪಕ್ಕದ ಮನೆಯ ದೀಪ ಹತ್ತುತ್ತದೆ, ಮರ ಸೀಳಿದರೆ ನಾಯಿ ಎದ್ದು ಕೂರುತ್ತದೆ. ಮೂರನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ನೆಪ.

ಕಳ್ಳನಿಗೊಂದು ಪಿಳ್ಳೆ ನೆವ ಅನ್ನುತ್ತಾರಲ್ಲ, ಹಾಗೆ. ಬಾಗಿಲ ಹಿಡಿ ತಿರುಗಿಸುವಾಗ ಯಾರಾದರೂ ನೋಡಿದರೆ "ಓ, ಇದು ಅವರ ಮನೆ ಅಲ್ವಾ? ಸಾರಿ, ತಪ್ಪು ವಿಳಾಸ" ಅಂದು ನಡೆದುಬಿಡಬಹುದು. ಕಾರಿನ ಹಿಡಿ ಎಳೆದದ್ದನ್ನು ಕಂಡರೆ "ನನ್ನದೂ ಇದೇ ಬಣ್ಣದ ಕಾರು" ಅನ್ನಬಹುದು. ಕಂಬಿ ಹಿಡಿದು ಬೀಗ ಮೀಟುತ್ತಿರುವವನಿಗೆ ಹೇಳಲು ಏನೂ ಇರುವುದಿಲ್ಲ. ಹಿಡಿ ಎಳೆದು ನೋಡುವುದಕ್ಕೂ ಬೀಗ ಒಡೆಯುವುದಕ್ಕೂ ನಡುವೆ ಒಂದು ಗೆರೆ ಇದೆ. ಗೆರೆಯ ಈಚೆ ಬದಿಯಲ್ಲಿ ಹದಿನಾರರ ಹುಡುಗರು, ದುಡ್ಡಿಲ್ಲದ ಕುಡುಕರು, ಪಂದ್ಯ ಕಟ್ಟಿದ ಗೆಳೆಯರು, ಸುಮ್ನೆ ಹೋಗುತ್ತಿದ್ದವರು ಎಲ್ಲ ಇದ್ದಾರೆ. ಆಚೆ ದಾಟುವವರು ಬಹಳ ಕಡಿಮೆ. ಬೀಗ ಹಾಕದ ಬಾಗಿಲು ಆ ಗೆರೆಯನ್ನೇ ಅಳಿಸಿ, ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ.

ಇನ್ನೊಂದು ತೊಂದರೆ ಕಳ್ಳತನದ ನಂತರದ್ದು. ಒಡೆದ ಬಾಗಿಲು ಕಣ್ಣಿಗೆ ಹೊಡೆಯುತ್ತದೆ, ಮನೆಗೆ ಬಂದ ತಕ್ಷಣ ಪೊಲೀಸರಿಗೆ ಫೋನ್ ಹೋಗುತ್ತದೆ. ಏನನ್ನೂ ಒಡೆಯದೆ ಬಂದು, ಬೀರುವಿನ ಮೇಲಿನ ಪೆಟ್ಟಿಗೆಯಿಂದ ಎರಡು ಬಳೆ ತೆಗೆದು, ಬಾಗಿಲು ಮೊದಲಿದ್ದಂತೆ ಮುಚ್ಚಿ ಹೋದರೆ? ಬಳೆ ಬೇಕಾಗುವ ದಿನದವರೆಗೆ ಗೊತ್ತೇ ಆಗುವುದಿಲ್ಲ. ಗೊತ್ತಾದ ದಿನ ಮೊದಲ ಅನುಮಾನ ಬೀಳುವುದು ಮನೆಗೆ ಬಂದು ಹೋಗುವವರ ಮೇಲೆ, ಕೆಲಸದವರ ಮೇಲೆ, ನೆಂಟರ ಮೇಲೆ. ಕಳುವಾದ ಒಡವೆಗಿಂತ ಈ ಅನುಮಾನ ಮಾಡುವ ಹಾನಿ ಜಾಸ್ತಿ, ಮತ್ತು ಇದು ಯಾವ ಲೆಕ್ಕಪತ್ರಕ್ಕೂ ಬರುವುದಿಲ್ಲ.

ಬಾಗಿಲು ಎಳೆದುಕೊಂಡರೆ ಸಾಕು, ಬೀಗ ಬಿತ್ತು ಅಂತ ನಂಬಿರುವವರು ಬಹಳ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ತಾನಾಗಿ ಬೀಳುವ ಬೀಗದ ಬಾಗಿಲನ್ನು ತೆರೆದು ಅದರ ಅಂಚು ನೋಡಿ. ಅಲ್ಲಿ ಒಂದು ಲೋಹದ ನಾಲಿಗೆ ಹೊರಗೆ ಚಾಚಿರುತ್ತದೆ, ಅದರ ಒಂದು ಬದಿ ಓರೆಯಾಗಿ ಕತ್ತರಿಸಿದಂತಿರುತ್ತದೆ. ಹಿಂದೆ ಒಂದು ಸ್ಪ್ರಿಂಗ್ ಇದೆ. ಬಾಗಿಲು ತಳ್ಳಿದಾಗ ಚೌಕಟ್ಟು ಆ ಓರೆಗೆ ತಾಗಿ ನಾಲಿಗೆ ಒಳಗೆ ಹೋಗುತ್ತದೆ, ಪೂರ್ತಿ ಮುಚ್ಚಿದ ಮೇಲೆ ಟಕ್ ಅಂತ ಹೊರಗೆ ಬಂದು ಚೌಕಟ್ಟಿನ ತೂತಿನಲ್ಲಿ ಕೂರುತ್ತದೆ. ತೊಂದರೆಯೂ ಅಲ್ಲೇ. ಚೌಕಟ್ಟು ಒತ್ತಿದರೆ ಒಳಗೆ ಹೋಗುವ ನಾಲಿಗೆ, ಸಂದಿಯಲ್ಲಿ ತೂರಿಸಿದ ತೆಳು ಪ್ಲಾಸ್ಟಿಕ್ ಹಾಳೆ ಒತ್ತಿದರೂ ಒಳಗೆ ಹೋಗಬಲ್ಲದು. ಒಳ್ಳೆಯ ಬೀಗಗಳಲ್ಲಿ ಇದನ್ನು ತಡೆಯಲು ನಾಲಿಗೆಯ ಪಕ್ಕ ಒಂದು ಪುಟ್ಟ ಕಡ್ಡಿ ಇರುತ್ತದೆ. ಆದರೆ ಬಾಗಿಲು ಜಗ್ಗಿ, ಆ ಕಡ್ಡಿಯೂ ನಾಲಿಗೆಯ ಜೊತೆಗೇ ತೂತಿಗೆ ಬಿದ್ದರೆ ಅದು ಇದ್ದೂ ಇಲ್ಲದಂತೆ.

ಕೀಲಿ ತಿರುಗಿಸಿದಾಗ ಹೊರಬರುವ ಬೋಲ್ಟ್ ಬೇರೆಯೇ. ಅದರ ತುದಿ ಚೌಕ, ಹಿಂದೆ ಸ್ಪ್ರಿಂಗ್ ಇಲ್ಲ, ಕೀಲಿ ಅಥವಾ ಒಳಗಿನ ಗುಬುಟು ತಿರುಗಿಸದೆ ಅದು ಅಲ್ಲಾಡುವುದಿಲ್ಲ. ಹಿಡಿಯನ್ನು ಮೇಲೆತ್ತಿದರೆ ನಾಲ್ಕೈದು ಕಡೆ ಕೊಕ್ಕೆ ಬೀಳುವ ಬಾಗಿಲುಗಳದ್ದೂ ಇದೇ ಕಥೆ. ಹಿಡಿ ಎತ್ತಿದ್ದೊಂದೇ ಸಾಲದು, ಕೀಲಿ ತಿರುಗಿಸುವವರೆಗೆ ಯಾರಾದರೂ ಹಿಡಿ ಇಳಿಸಿದರೆ ಎಲ್ಲ ಕೊಕ್ಕೆಯೂ ಬಿಟ್ಟುಕೊಳ್ಳುತ್ತವೆ. ಮುಚ್ಚಿದ ಬಾಗಿಲು ಬೇರೆ, ಬೀಗ ಬಿದ್ದ ಬಾಗಿಲು ಬೇರೆ.

ಕಾರಿನಿಂದ ಮನೆಗೆ

"ಕಾರಿನಲ್ಲಿ ಏನಿದೆ ಮಹಾ? ಹಳೇ ಛತ್ರಿ, ಚಿಲ್ಲರೆ ಕಾಸು." ಹೀಗಂದುಕೊಂಡು ಕಾರು ಲಾಕ್ ಮಾಡದವರಿದ್ದಾರೆ. ಗಾಜು ಒಡೆಯುವ ಬದಲು ಬಾಗಿಲು ತೆರೆದು ನೋಡಿಕೊಂಡು ಹೋಗಲಿ ಅಂತ ಬೇಕೆಂದೇ ಹಾಗೆ ಬಿಡುವವರೂ ಇದ್ದಾರೆ. ಗಾಜಿನ ಖರ್ಚು ಉಳಿಯುತ್ತದೆ ಅನ್ನುವುದು ಅವರ ಲೆಕ್ಕ. ಈ ಲೆಕ್ಕದಲ್ಲಿ ಕೆಲವು ಸಾಲು ಬಿಟ್ಟುಹೋಗಿವೆ.

ಕಾರಿನ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಏನಿರುತ್ತದೆ ನೆನಪಿಸಿಕೊಳ್ಳಿ. ನೋಂದಣಿ ಪತ್ರ ಅಥವಾ ವಿಮೆ ಕಾಗದ, ಅದರಲ್ಲಿ ಮನೆ ವಿಳಾಸ. ಗ್ಯಾರೇಜಿನ ಬಾಗಿಲು ತೆರೆಯುವ ರಿಮೋಟ್ ಇದ್ದರೆ ಅದು ಮೇಲೆ ಬಿಸಿಲು ತಡೆಯುವ ಹಲಗೆಗೆ ಸಿಕ್ಕಿಸಿರುತ್ತದೆ. ಕೆಲವೊಮ್ಮೆ ಮನೆಯ ಇನ್ನೊಂದು ಕೀಲಿಯೂ ಅಲ್ಲೇ. ಕಾರು ನಿಂತಿರುವುದು ಕಚೇರಿಯ ಹೊರಗೆ ಅಂದರೆ ಮಾಲೀಕ ಸಂಜೆವರೆಗೆ ಮನೆಯಲ್ಲಿಲ್ಲ ಅನ್ನುವುದೂ ಸಿಕ್ಕಿತು. ಗ್ಯಾರೇಜಿನಿಂದ ಮನೆಯೊಳಗೆ ಹೋಗುವ ಬಾಗಿಲಿಗೆ ಬೀಗ ಹಾಕುವ ಅಭ್ಯಾಸ ಬಹಳ ಜನಕ್ಕಿಲ್ಲ. ಗ್ಯಾರೇಜ್ ಬಾಗಿಲು ಒಮ್ಮೆ ಇಳಿದ ಮೇಲೆ ಒಳಗಿರುವವನು ಬೀದಿಗೆ ಕಾಣುವುದೂ ಇಲ್ಲ, ನಿಧಾನವಾಗಿ ಕೆಲಸ ಮಾಡಬಹುದು. ಚಿಲ್ಲರೆ ಕಾಸಿನ ಕಾರು ಮನೆಗೇ ದಾರಿ ತೋರಿಸಿತು.

ಬಂದೂಕು ಇಟ್ಟುಕೊಳ್ಳುವುದು ಸಾಮಾನ್ಯವಾಗಿರುವ ಅಮೆರಿಕದಲ್ಲಿ ಇದು ಇನ್ನೂ ಗಂಭೀರ. ಅಲ್ಲಿ ಕಾರಿನೊಳಗೆ ಬಿಟ್ಟ ಬಂದೂಕುಗಳು ದೊಡ್ಡ ಸಂಖ್ಯೆಯಲ್ಲಿ ಕಳುವಾಗುತ್ತವೆ. ಕಳುವಾದದ್ದು ಕೈಯಿಂದ ಕೈಗೆ ದಾಟಿ ಇನ್ನೆಲ್ಲೋ ಸಿಡಿಯುತ್ತದೆ. ಕಾರು ಪೂರ್ತಿ ಕಳುವಾದರೂ ಹಾಗೇ, ಅದು ಮುಂದಿನ ದರೋಡೆಗೆ ಓಡಿಹೋಗುವ ವಾಹನವಾಗಬಹುದು. ಇಂಜಿನ್ ಓಡುತ್ತಿರುವಂತೆಯೇ ಬಿಟ್ಟು "ಒಂದೇ ನಿಮಿಷ" ಅಂತ ಇಳಿದು ಹೋಗುವುದು ಎಲ್ಲಕ್ಕಿಂತ ಕೆಟ್ಟದ್ದು. ಚಳಿ ದೇಶಗಳಲ್ಲಿ ಬೆಳಿಗ್ಗೆ ಕಾರು ಬೆಚ್ಚಗಾಗಲಿ ಅಂತ ಸ್ಟಾರ್ಟ್ ಮಾಡಿ ಒಳಗೆ ಹೋಗುವವರನ್ನೇ ಕಾಯುವ ಕಳ್ಳರಿದ್ದಾರೆ. ಹಿಂದಿನ ಸೀಟಿನಲ್ಲಿ ಮಗು ಮಲಗಿರುವುದು ಗೊತ್ತಿಲ್ಲದೆ ಕಾರು ಓಡಿಸಿಕೊಂಡು ಹೋದ ಪ್ರಕರಣಗಳು ಪದೇ ಪದೇ ಸುದ್ದಿಯಾಗುತ್ತವೆ. ಕಾರು ಕದಿಯಲು ಬಂದವನು ಅರ್ಧ ದಾರಿಯಲ್ಲಿ ಮಗು ಕದ್ದವನಾಗಿರುತ್ತಾನೆ.

ಹೊಸ ಕಾರುಗಳಿಗೆ ಈ ಚಿಂತೆ ಇಲ್ಲ ಅನ್ನಬೇಡಿ. ಇಲ್ಲಿ ತಂತ್ರಜ್ಞಾನದ ಕಥೆ ಎರಡು ಕಡೆಗೂ ಹೋಗುತ್ತದೆ. ಸರಿಯಾದ ಕೀಲಿಯ ಚಿಪ್ ಇಲ್ಲದೆ ಇಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಇಮ್ಮೊಬಿಲೈಸರ್ ಯುರೋಪಿನ ಹೊಸ ಕಾರುಗಳಿಗೆ 1998ರಲ್ಲಿ ಕಡ್ಡಾಯವಾಯಿತು. ಇದು, ಇದರ ಜೊತೆಗೆ ಒಂದು ಗುಂಡಿ ಒತ್ತಿದರೆ ಎಲ್ಲ ಬಾಗಿಲೂ ಬೀಳುವ ಸೆಂಟ್ರಲ್ ಲಾಕಿಂಗ್, ಎರಡೂ ಸೇರಿ ಎಷ್ಟೋ ದೇಶಗಳಲ್ಲಿ ಕಾರು ಕಳವು ಇಳಿಸಿದವು ಅನ್ನುವುದಕ್ಕೆ ಸಂಶೋಧಕರ ಬಳಿ ಒಳ್ಳೆಯ ಪುರಾವೆ ಇದೆ. ಆದರೆ ಅಮೆರಿಕದಲ್ಲಿ ಅದು ಕಡ್ಡಾಯವಿರಲಿಲ್ಲ. ಅಲ್ಲಿ ಮಾರಿದ ಲಕ್ಷಾಂತರ ಹ್ಯುಂಡೈ ಮತ್ತು ಕಿಯಾ ಕಾರುಗಳಲ್ಲಿ ಇಮ್ಮೊಬಿಲೈಸರ್ ಇರಲಿಲ್ಲ. ಅವನ್ನು ಸ್ಟಾರ್ಟ್ ಮಾಡುವುದು ಎಷ್ಟು ಸುಲಭ ಅಂತ ತೋರಿಸುವ ವಿಡಿಯೋಗಳು ಟಿಕ್‌ಟಾಕ್‌ನಲ್ಲಿ ಹಬ್ಬಿದ ಮೇಲೆ ಮಿಲ್ವಾಕಿಯಂಥ ನಗರಗಳಲ್ಲಿ ಕಳವು ಮಿತಿಮೀರಿತು. ಕದಿಯುತ್ತಿದ್ದವರಲ್ಲಿ ಎಷ್ಟೋ ಮಂದಿ ಇನ್ನೂ ಲೈಸೆನ್ಸ್ ಸಿಗದ ವಯಸ್ಸಿನ ಹುಡುಗರು. 2023ರಲ್ಲಿ ಕಂಪನಿಗಳು ಸುಮಾರು 83 ಲಕ್ಷ ಕಾರುಗಳಿಗೆ ಉಚಿತ ಸಾಫ್ಟ್‌ವೇರ್ ಪರಿಹಾರ ಕೊಡಬೇಕಾಯಿತು. ದಾರಿ ಸುಲಭವಾದರೆ ಕಳ್ಳರು ಹುಟ್ಟಿಕೊಳ್ಳುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನು ಕೀಲಿ ಜೇಬಿನಲ್ಲಿದ್ದರೆ ಸಾಕು, ಹತ್ತಿರ ಹೋದಾಗ ಬಾಗಿಲು ತೆರೆಯುವ ಕಾರುಗಳು. ಕಾರು ಒಂದು ಸಣ್ಣ ರೇಡಿಯೋ ಸಂಕೇತ ಕಳಿಸಿ "ಹತ್ತಿರ ಇದ್ದೀಯಾ?" ಅಂತ ಕೇಳುತ್ತದೆ, ಕೀಲಿ ಉತ್ತರ ಕೊಡುತ್ತದೆ. ಕೀಲಿ ನಿಜಕ್ಕೂ ಹತ್ತಿರವಿದೆಯಾ ಅಂತ ಹಳೆಯ ವ್ಯವಸ್ಥೆಗಳು ಅಳೆಯುವುದಿಲ್ಲ, ಉತ್ತರ ಬಂತು ಅಂದರೆ ಹತ್ತಿರವಿದೆ ಅಂತ ನಂಬುತ್ತವೆ. ಒಬ್ಬ ಕಳ್ಳ ಕಾರಿನ ಬಳಿ, ಇನ್ನೊಬ್ಬ ಮನೆ ಬಾಗಿಲ ಬಳಿ ನಿಂತು, ನಡುವೆ ಸಂಕೇತವನ್ನು ದಾಟಿಸಿದರೆ ಮುಗಿಯಿತು. ಒಳಗೆ ಮೇಜಿನ ಮೇಲಿರುವ ಕೀಲಿ ಹೊರಗಿನ ಕಾರಿಗೆ ಉತ್ತರ ಕೊಡುತ್ತದೆ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲೇ ಹತ್ತು ಮಾದರಿಯ ಕಾರುಗಳ ಮೇಲೆ ಇದನ್ನು ಮಾಡಿ ತೋರಿಸಿದ್ದರು. ಈಗಿನ ಕೆಲವು ಕೀಲಿಗಳು ಸ್ವಲ್ಪ ಹೊತ್ತು ಅಲುಗಾಡದಿದ್ದರೆ ತಾವೇ ಮಲಗಿಬಿಡುತ್ತವೆ. ಇನ್ನು ಕೆಲವು ಸಂಕೇತ ಹೋಗಿ ಬರಲು ಹಿಡಿದ ಸಮಯವನ್ನೇ ಅಳೆದು ದೂರ ಲೆಕ್ಕ ಹಾಕುತ್ತವೆ. ನಿಮ್ಮ ಕೀಲಿ ಹಳೆಯದಾದರೆ ಸಂಕೇತ ತಡೆಯುವ ಲೋಹದ ಪದರದ ಚೀಲ ಸಿಗುತ್ತದೆ, ಅದೂ ಆಗುತ್ತದೆ. ಇನ್ನೊಂದು ಹಳೆಯ ತಂತ್ರ ಜಾಮರ್‌ನದ್ದು. ನೀವು ನಡೆದುಹೋಗುತ್ತಾ ಹಿಂದೆ ತಿರುಗಿ ನೋಡದೆ ರಿಮೋಟ್ ಒತ್ತುತ್ತೀರಿ, ಪಾರ್ಕಿಂಗ್‌ನ ಇನ್ನೊಂದು ಮೂಲೆಯಲ್ಲಿ ಕೂತವನ ಯಂತ್ರ ಆ ಸಂಕೇತವನ್ನು ಕಾರಿಗೆ ತಲುಪಲು ಬಿಡುವುದಿಲ್ಲ. ಇದಕ್ಕೆ ಪರಿಹಾರ ಕಾಸಿಲ್ಲದ್ದು: ದೀಪ ಮಿನುಗುವುದನ್ನು ನೋಡಿ, ಇಲ್ಲವೇ ಹಿಡಿಯನ್ನು ಒಮ್ಮೆ ನೀವೇ ಎಳೆದು ನೋಡಿ.

ಮನೆಯೊಳಗೆ ನೀವಿರುವಾಗ

ಊರಿಗೆ ಹೋಗುವಾಗ ಎಲ್ಲರೂ ಬೀಗ ಹಾಕುತ್ತಾರೆ. ಮನೆಯಲ್ಲೇ ಇರುವಾಗ? ಹಿತ್ತಿಲಲ್ಲಿ ಬಟ್ಟೆ ಒಣಹಾಕುವಾಗ ಮುಂಬಾಗಿಲು, ಮಹಡಿಯಲ್ಲಿ ಮಲಗಿರುವಾಗ ಹಿಂಬಾಗಿಲು ತೆರೆದೇ ಇರುತ್ತದೆ. ಅಮೆರಿಕದ ನ್ಯಾಯಾಂಗ ಅಂಕಿಅಂಶ ಇಲಾಖೆ 2003ರಿಂದ 2007ರವರೆಗಿನ ಮನೆಗಳವುಗಳನ್ನು ನೋಡಿದಾಗ ವರ್ಷಕ್ಕೆ ಸರಾಸರಿ 37 ಲಕ್ಷ ಪ್ರಕರಣಗಳಲ್ಲಿ ಸುಮಾರು 10 ಲಕ್ಷದಲ್ಲಿ ಮನೆಯವರು ಒಳಗೇ ಇದ್ದರು. ಅವುಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಕಡೆ ಹಲ್ಲೆಯೋ ಬೆದರಿಕೆಯೋ ಅದಕ್ಕಿಂತ ಕೆಟ್ಟದ್ದೋ ನಡೆಯಿತು. ಖಾಲಿ ಮನೆ ಅಂದುಕೊಂಡು ಬಂದವನು ಹಜಾರದಲ್ಲಿ ಎದುರಾದಾಗ ಇಬ್ಬರಿಗೂ ಗಾಬರಿ. ಗಾಬರಿಯಾದ ಕಳ್ಳ ಏನು ಮಾಡುತ್ತಾನೆ ಅಂತ ಅವನಿಗೇ ಗೊತ್ತಿರುವುದಿಲ್ಲ.

ಈ ವಿಷಯ ಬಂದಾಗಲೆಲ್ಲ ರಿಚರ್ಡ್ ಚೇಸ್‌ನ ಹೆಸರು ಬರುತ್ತದೆ. 1977-78ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಆರು ಜನರನ್ನು ಕೊಂದವನು. ಬೀದಿಯಲ್ಲಿ ನಡೆಯುತ್ತಾ ಮನೆಗಳ ಬಾಗಿಲು ತಳ್ಳಿ ನೋಡುತ್ತಿದ್ದ, ಬೀಗ ಹಾಕಿದ್ದರೆ ತನ್ನನ್ನು ಒಳಗೆ ಕರೆದಿಲ್ಲ ಅಂತ ತಿಳಿದು ಮುಂದೆ ಹೋಗುತ್ತಿದ್ದ ಅಂತ ಸಿಕ್ಕಿಬಿದ್ದ ಮೇಲೆ ಹೇಳಿದ. ಮೈ ಜುಮ್ಮೆನ್ನುವ ಮಾತೇ. ಆದರೆ ಇದನ್ನು ಹೇಳಿ ಜನರನ್ನು ಹೆದರಿಸುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಅವನು ತೀವ್ರ ಮನೋರೋಗಿ, ಅಂಥವರು ಕೋಟಿಗೊಬ್ಬರು. ಮುಂಬಾಗಿಲಿಗೆ ಚಿಲಕ ಹಾಕಲು ಹಿಡಿ ಎಳೆದು ನೋಡುವ ಆ ಹುಡುಗನೇ ಸಾಕಷ್ಟು ಕಾರಣ.

ತಪ್ಪು ಯಾರದು?

ಬಾಗಿಲು ತೆರೆದಿತ್ತು ಅಂದಮಾತ್ರಕ್ಕೆ ಒಳಗೆ ಬರಲು ಒಪ್ಪಿಗೆ ಕೊಟ್ಟಂತಲ್ಲ. ಕಾನೂನು ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಕಾಲ ಹಿಡಿಯಿತು. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಕನ್ನಗಳವು ಅನ್ನಿಸಿಕೊಳ್ಳಬೇಕಾದರೆ 'ಮುರಿಯುವುದು' ನಡೆದಿರಬೇಕಿತ್ತು. ಬೀಗವಿಲ್ಲದೆ ಮುಚ್ಚಿದ್ದ ಬಾಗಿಲನ್ನು ತಳ್ಳಿದರೂ ಅದು ಮುರಿದಂತೆ. ಆದರೆ ಮೊದಲೇ ತೆರೆದಿದ್ದ ಬಾಗಿಲಿನಿಂದ ನಡೆದು ಬಂದರೆ ಮುರಿದಂತಲ್ಲ! 1968ರ ಕಳ್ಳತನ ಕಾಯಿದೆ ಈ ಕಸರತ್ತನ್ನೇ ಕೈಬಿಟ್ಟಿತು. ಅನುಮತಿಯಿಲ್ಲದೆ, ಕದಿಯುವ ಉದ್ದೇಶದಿಂದ ಒಳಗೆ ಬಂದನಾ ಅನ್ನುವುದೇ ಅಲ್ಲಿಂದ ಮುಂದೆ ಪ್ರಶ್ನೆಯಾಯಿತು.

ಆದರೂ ಕೆಲವು ದೇಶಗಳು ಮಾಲೀಕನ ಮೇಲೂ ಹೊಣೆ ಹೊರಿಸುತ್ತವೆ. ಜರ್ಮನಿಯ ಸಂಚಾರ ನಿಯಮದಲ್ಲಿ ವಾಹನ ಬಿಟ್ಟು ಹೋಗುವವನು ಬೇರೆಯವರು ಅದನ್ನು ಬಳಸದಂತೆ ಭದ್ರಪಡಿಸಬೇಕು ಅಂತಿದೆ. ಆಸ್ಟ್ರೇಲಿಯದ ರಸ್ತೆ ನಿಯಮ ಇನ್ನೂ ಚೊಕ್ಕ: ಕಾರಿನಿಂದ 3 ಮೀಟರ್‌ಗಿಂತ ದೂರ ಹೋಗುವುದಾದರೆ, ಒಳಗೆ ಯಾರೂ ಇಲ್ಲದಿದ್ದರೆ, ಇಂಜಿನ್ ಆಫ್ ಮಾಡಿ, ಕೀಲಿ ತೆಗೆದು, ಬಾಗಿಲು ಲಾಕ್ ಮಾಡಬೇಕು. ಕಿಟಕಿ ಗಾಜು 2 ಸೆಂಟಿಮೀಟರ್‌ಗಿಂತ ಜಾಸ್ತಿ ಇಳಿದಿರಬಾರದು. ತಪ್ಪಿದರೆ ದಂಡ. ಕಳೆದುಕೊಂಡವನಿಗೇ ದಂಡವಾ ಅಂತ ಸಿಟ್ಟು ಬರಬಹುದು. ಆದರೆ ಕದ್ದ ಕಾರು ಗುದ್ದುವುದು ಮೂರನೆಯವನನ್ನು, ಆ ಲೆಕ್ಕದಲ್ಲಿ ನಿಯಮ ಅನ್ಯಾಯವಲ್ಲ ಅನ್ನಿಸುತ್ತದೆ.

ವಿಮೆಯ ವಿಷಯದಲ್ಲಿ ಮಾತ್ರ ಕರುಣೆ ಕಡಿಮೆ. ಬಲವಂತವಾಗಿ ಒಳನುಗ್ಗಿದ ಗುರುತು ಇದ್ದರೆ ಮಾತ್ರ ಹಣ ಕೊಡುತ್ತೇವೆ ಅನ್ನುವ ಪಾಲಿಸಿಗಳು ಸಾಕಷ್ಟಿವೆ. ಕಾರಿನಲ್ಲೇ ಕೀಲಿ ಬಿಟ್ಟಿದ್ದರೆ ಪರಿಹಾರ ಇಲ್ಲ ಅನ್ನುವುದೂ ಸಾಮಾನ್ಯ. ನಿಮ್ಮ ಪಾಲಿಸಿಯಲ್ಲಿ ಆ ಸಾಲು ಇದೆಯಾ ಅಂತ ಇವತ್ತೇ ನೋಡಿಕೊಳ್ಳುವುದು ಒಳ್ಳೆಯದು.

ಬೈಗುಳದಿಂದ ಏನೂ ಆಗುವುದಿಲ್ಲ. "ಬಾಗಿಲು ಹಾಕೋ ಬುದ್ಧಿ ಬೇಡ್ವಾ" ಅಂತ ಕಳೆದುಕೊಂಡವರನ್ನು ಬೈದರೆ ಅವರು ಮುಂದಿನ ಸಲ ಬೀಗ ಹಾಕುವುದಿರಲಿ, ದೂರೇ ಕೊಡುವುದಿಲ್ಲ. ದೂರು ಬರದಿದ್ದರೆ ಯಾವ ಬೀದಿಯಲ್ಲಿ ಹಿಡಿ ಎಳೆಯುವವನು ಓಡಾಡುತ್ತಿದ್ದಾನೆ ಅಂತ ಪೊಲೀಸರಿಗೆ ತಿಳಿಯುವುದೇ ಇಲ್ಲ.

"ನಾನು ಬೀಗ ಹಾಕಿದರೆ ಅವನು ಪಕ್ಕದ ಮನೆಗೆ ಹೋಗುತ್ತಾನೆ, ಅಷ್ಟೇ ತಾನೇ?" ಅನ್ನುವ ವಾದವೂ ಇದೆ. ಸ್ವಲ್ಪ ಮಟ್ಟಿಗೆ ನಿಜ. ಬ್ರಿಟನ್ನಿನಲ್ಲಿ 1971ರಲ್ಲಿ ಕೀಲಿ ಇಲ್ಲದೆ ಸ್ಟೀರಿಂಗ್ ತಿರುಗದಂತೆ ತಡೆಯುವ ಸ್ಟೀರಿಂಗ್ ಲಾಕ್ ಬಂದದ್ದು ಹೊಸ ಕಾರುಗಳಿಗೆ ಮಾತ್ರ, ಕಳ್ಳರು ಹಳೆ ಕಾರುಗಳ ಕಡೆ ತಿರುಗಿದರು. ಪಶ್ಚಿಮ ಜರ್ಮನಿ ಅದಕ್ಕೂ ಮೊದಲೇ ಹಳತು ಹೊಸತು ಎಲ್ಲದಕ್ಕೂ ಅದನ್ನು ಕಡ್ಡಾಯ ಮಾಡಿತ್ತು, ಅಲ್ಲಿ ಒಟ್ಟು ಕಳವೇ ಇಳಿಯಿತು. ರಾಬ್ ಗೆರೆಟ್ ಮತ್ತು ಕೇಟ್ ಬವರ್ಸ್ ಎಂಬ ಸಂಶೋಧಕರು 2009ರಲ್ಲಿ ಅಪರಾಧ ತಡೆಯುವ ಇಂಥ ಕ್ರಮಗಳ ಮೇಲಿನ 102 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅಪರಾಧ ಬೇರೆಡೆಗೆ ಸರಿದದ್ದು ಕಾಲುಭಾಗದಷ್ಟು ಸಂದರ್ಭಗಳಲ್ಲಿ. ಹೆಚ್ಚುಕಡಿಮೆ ಅಷ್ಟೇ ಸಂದರ್ಭಗಳಲ್ಲಿ ಉಲ್ಟಾ ಆಗಿತ್ತು, ಯಾವ ಕ್ರಮವೂ ಇಲ್ಲದ ಪಕ್ಕದ ಬೀದಿಯಲ್ಲೂ ಅಪರಾಧ ಇಳಿದಿತ್ತು. ನೆದರ್ಲೆಂಡ್ಸ್‌ನಲ್ಲಿ 1999ರಿಂದ ಹೊಸದಾಗಿ ಕಟ್ಟುವ ಮನೆಗಳಿಗೆ ಸುಲಭವಾಗಿ ಒಡೆಯಲಾಗದ ಬಾಗಿಲು ಕಿಟಕಿ ಕಡ್ಡಾಯ. ಆ ಮನೆಗಳಲ್ಲಿ ಕಳ್ಳತನದ ಸಾಧ್ಯತೆ ಸುಮಾರು ಕಾಲುಭಾಗ ಕಡಿಮೆಯಾಯಿತು, ಹತ್ತಿರದ ಹಳೆ ಮನೆಗಳಿಗೆ ಅದರಿಂದ ಕಾಟ ಹೆಚ್ಚಿದ್ದು ಕಾಣಲಿಲ್ಲ.

ಹಾಕಿದೆನಾ, ಇಲ್ಲವಾ?

ಬೀಗ ಹಾಕುವುದು ಗೊತ್ತಿಲ್ಲದವರು ಯಾರೂ ಇಲ್ಲ. ಮರೆಯುತ್ತೇವೆ. ದಿನಾ ಮಾಡುವ ಕೆಲಸ ಕೈಗೆ ಹೋಗಿಬಿಟ್ಟಿರುತ್ತದೆ, ತಲೆಗೆ ಅದರ ದಾಖಲೆ ಉಳಿಯುವುದಿಲ್ಲ. ಕೈಯಲ್ಲಿ ಚೀಲ, ಕಿವಿಯಲ್ಲಿ ಫೋನ್ ಇದ್ದ ದಿನ ಕೈಯೂ ತಪ್ಪುತ್ತದೆ. ಮತ್ತೆ ಮತ್ತೆ ಹೋಗಿ ನೋಡುವುದು ಇದಕ್ಕೆ ಮದ್ದಲ್ಲ. ನೆದರ್ಲೆಂಡ್ಸ್‌ನ ಮನಶ್ಶಾಸ್ತ್ರಜ್ಞರು 2003ರಲ್ಲಿ ಕಂಪ್ಯೂಟರ್ ಪರದೆಯ ಮೇಲಿನ ಗ್ಯಾಸ್ ಒಲೆಯನ್ನು ಜನರಿಂದ ಪದೇ ಪದೇ ಪರೀಕ್ಷೆ ಮಾಡಿಸಿದಾಗ, ನೋಡಿದಷ್ಟೂ ಅವರಿಗೆ ತಮ್ಮ ನೆನಪಿನ ಮೇಲಿನ ನಂಬಿಕೆ ಕುಸಿಯಿತು. ಒಂದು ನಿಗದಿತ ಹೊತ್ತಿಗೆ ಒಂದೇ ಸಲ ನೋಡುವುದು ವಾಸಿ. ಫ್ಲಾರಿಡಾದ ಪಾಸ್ಕೋ ಕೌಂಟಿಯ ಪೊಲೀಸರು ಇದನ್ನೇ ಹಿಡಿದು ರಾತ್ರಿ 9 ಗಂಟೆಗೆ "ಕಾರಿನಿಂದ ಬೆಲೆಬಾಳುವುದನ್ನು ತೆಗೆದಿರಾ, ಕಾರು ಲಾಕ್ ಮಾಡಿದಿರಾ, ಮನೆ ಬಾಗಿಲು ಹಾಕಿದಿರಾ, ಹೊರಗಿನ ದೀಪ ಹಾಕಿದಿರಾ" ಅಂತ ಸಾಮಾಜಿಕ ಜಾಲತಾಣದಲ್ಲಿ ದಿನಾ ನೆನಪಿಸಲು ಶುರುಮಾಡಿದರು. ಬೇರೆ ಊರುಗಳ ಪೊಲೀಸರೂ ಅದನ್ನು ಎತ್ತಿಕೊಂಡರು.

ಬೇಕೆಂದೇ ಕಾರು ಲಾಕ್ ಮಾಡದ ಊರೂ ಒಂದಿದೆ, ಕೆನಡಾದ ಚರ್ಚಿಲ್. ಅಲ್ಲಿ ಬೀದಿಗೆ ಹಿಮಕರಡಿ ಬಂದರೆ ಸಿಕ್ಕ ಕಾರಿಗೆ ನುಗ್ಗಿ ಜೀವ ಉಳಿಸಿಕೊಳ್ಳಬೇಕು. ಹಿಮಕರಡಿ ಇಲ್ಲದ ಊರಿನವರಿಗೆ ಈ ನೆಪ ಸಿಗುವುದಿಲ್ಲ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ನಗುತ್ತೇವೆ. ಕಳ್ಳತನದ ಮಟ್ಟಿಗೆ ಅದು ನಗುವ ಕೆಲಸವೇನಲ್ಲ. ಒಮ್ಮೆ ಕಳ್ಳ ಬಂದ ಮನೆಗೆ ಮುಂದಿನ ಕೆಲವು ವಾರಗಳಲ್ಲಿ ಮತ್ತೆ ಬರುವ ಸಾಧ್ಯತೆ ಬೇರೆ ಮನೆಗಳಿಗಿಂತ ಹೆಚ್ಚು. ಅವನಿಗೆ ದಾರಿ ಗೊತ್ತು, ಏನು ಬಿಟ್ಟು ಬಂದೆ ಅಂತಲೂ ಗೊತ್ತು, ನೀವು ಹೊಸ ಟಿವಿ ತರುತ್ತೀರಿ ಅಂತಲೂ ಗೊತ್ತು. ಇಂಗ್ಲೆಂಡಿನ ರೋಚ್‌ಡೇಲ್ ಪಟ್ಟಣದ ಕಿರ್ಕ್‌ಹೋಲ್ಟ್ ಬಡಾವಣೆಯಲ್ಲಿ 1980ರ ದಶಕದ ಕೊನೆಯಲ್ಲಿ ಇದನ್ನೇ ಆಧಾರ ಮಾಡಿಕೊಂಡು ಒಂದು ಯೋಜನೆ ನಡೆಯಿತು. ಎಲ್ಲ ಮನೆಗಳ ಹಿಂದೆ ಬೀಳದೆ, ಈಗಾಗಲೇ ಕಳ್ಳತನವಾದ ಮನೆಗಳ ಬೀಗಗಳನ್ನು ಮೊದಲು ಸರಿಪಡಿಸಿದರು. ನಾಣ್ಯ ಹಾಕುವ ಗ್ಯಾಸ್ ಮತ್ತು ವಿದ್ಯುತ್ ಮೀಟರ್‌ಗಳನ್ನು ತೆಗೆಸಿದರು, ಅವುಗಳಲ್ಲಿ ಸೇರಿದ ದುಡ್ಡಿಗೇ ಕಳ್ಳರು ಬರುತ್ತಿದ್ದರು. ಆ ಮನೆಯ ಸುತ್ತ ಇರುವ ಐದಾರು ಮನೆಯವರನ್ನು ಕಣ್ಣಿಡಲು ಒಪ್ಪಿಸಿದರು. ಕೆಲವೇ ವರ್ಷಗಳಲ್ಲಿ ಇಡೀ ಬಡಾವಣೆಯ ಕಳ್ಳತನ ಮುಕ್ಕಾಲು ಭಾಗ ಇಳಿಯಿತು.

ಹಾಗಾಗಿ ಬೆಳಿಗ್ಗೆ ಕಾರಿನ ಡ್ಯಾಶ್‌ಬೋರ್ಡ್ ಪೆಟ್ಟಿಗೆ ತೆರೆದು ಬಿದ್ದಿದ್ದರೆ, ಏನೂ ಹೋಗಿಲ್ಲ ಅನ್ನಿಸಿದರೂ ಪೊಲೀಸರಿಗೆ ತಿಳಿಸಿ. ಪಕ್ಕದ ಮನೆಯವರಿಗೂ ಹೇಳಿ, ಅವರ ಕ್ಯಾಮೆರಾದಲ್ಲಿ ಆ ಹುಡುಗ ಸಿಕ್ಕಿರಬಹುದು. ಕಾರಿನಲ್ಲಿ ಮನೆ ಕೀಲಿ ಇತ್ತಾ ನೆನಪಿಸಿಕೊಳ್ಳಿ, ಇದ್ದರೆ ಅವತ್ತೇ ಬೀಗದ ಸಿಲಿಂಡರ್, ಅಂದರೆ ಕೀಲಿ ತೂರಿಸುವ ಭಾಗ, ಬದಲಾಯಿಸಿ, ಇಡೀ ಬಾಗಿಲು ಬದಲಾಯಿಸಬೇಕಿಲ್ಲ. ಗ್ಯಾರೇಜ್ ರಿಮೋಟ್ ಹೋಗಿದ್ದರೆ ಮೋಟಾರಿನ ಮೇಲಿರುವ ಗುಂಡಿಯಿಂದ ಹಳೆಯ ರಿಮೋಟುಗಳ ನೆನಪನ್ನೆಲ್ಲ ಅಳಿಸಿ, ಉಳಿದವನ್ನು ಹೊಸದಾಗಿ ಜೋಡಿಸಿಕೊಳ್ಳಬಹುದು. ಅದರ ಜೊತೆಗೆ ಬಂದ ಪುಸ್ತಿಕೆಯಲ್ಲಿ ಹೇಗೆ ಅಂತ ಇರುತ್ತದೆ, ಹತ್ತು ನಿಮಿಷದ ಕೆಲಸ.